ಸಂಕವ್ವನ ರೊಟ್ಟಿಗೆ ಗಡ್ಡ ಬಂದದ್ದು

ಬೆಟ್ಟಗಳ ಮೈ ಇನ್ನೂ ಬೆಚ್ಚಗಿದ್ದ, ಹೊಳೆಗಳು ದಾರಿ ಕೇಳಿಕೊಂಡು ಹರಿಯುತ್ತಿದ್ದ ಕಾಲ. ಆಗ ಯಾರದು ಯಾವ ಬಳಗವೆಂದು ಯಾರಿಗೂ ಗೊತ್ತಿರಲಿಲ್ಲ. ಆಮೆ ಕಲ್ಲುಗಳ ಜೊತೆ ಕೂತು, ತಾನೂ ಕಲ್ಲೇ ಅಂದುಕೊಂಡಿತ್ತು.

ಒಂದು ದಿನ ಭೂಮಿತಾಯಿ ಗಾಳಿಯ ಕೈಲಿ ಹೇಳಿಕಳಿಸಿದಳು. "ಮೂರು ದಿನ ಬಿಟ್ಟು ಎಲ್ಲಾರೂ ಬರ್ರಿ. ಸಾಲು ಮಾಡಿ ಬಳಗ ಹಂಚತೀನಿ. ನನಗ ಉಪಯೋಗ ಆಗೂದು ಏನಾರ ತರ್ರಿ. ಬರಿಗೈಲೆ ಬಂದವರಿಗೆ ಸಾಲಿನಾಗ ಜಾಗ ಇಲ್ಲ."

ಮನುಷ್ಯರ ಪರವಾಗಿ ಸಂಕವ್ವ ಹೋಗುವುದೆಂದಾಯಿತು. ರೊಟ್ಟಿ ಬಡಿಯುವುದರಲ್ಲಿ ಅವಳನ್ನು ಮೀರಿಸುವವರಿರಲಿಲ್ಲ, ಅವಸರದಲ್ಲೂ ಅಷ್ಟೇ. ಅಂದೇ ಕೂತು ನೂರು ಜೋಳದ ರೊಟ್ಟಿ ಬಡಿದಳು. ಭೂಮಿತಾಯಿಗೆ ಬಿಸಿಬಿಸಿಯಾಗಿಯೇ ಸಿಗಲಿ ಎಂದು, ಹಬೆಯಾಡುತ್ತಿದ್ದಂತೆಯೇ ಒಂದರ ಮೇಲೊಂದು ಒಟ್ಟಿ, ಒದ್ದೆ ಬಟ್ಟೆ ಹೊದಿಸಿ ಬುಟ್ಟಿ ಮುಚ್ಚಿದಳು. ಹಬೆ ಆರಿಸಿ ಮುಚ್ಚಬೇಕೆಂದು ಹೇಳಿಕೊಡಲು ಅವಳಿಗಿಂತ ಮುಂಚೆ ರೊಟ್ಟಿ ಬಡಿದವರು ಯಾರೂ ಇರಲಿಲ್ಲವಲ್ಲ, ಪಾಪ.

ಮೂರನೆಯ ದಿನ ಬೆಳಿಗ್ಗೆ ಬಟ್ಟೆ ಎತ್ತಿದಳು. ರೊಟ್ಟಿಗಳಿಗೆಲ್ಲ ಬಿಳಿ ಗಡ್ಡ ಬಂದಿತ್ತು. ಗಡ್ಡದ ಮೇಲೆ ಅಲ್ಲಲ್ಲಿ ಹಸಿರು ಪುಡಿ, ಕಪ್ಪು ಪುಡಿ.

"ನೂರೂ ಹೋದ್ವು," ಎಂದಳು. "ಇನ್ನ ನಮ್ಮ ಮಂದಿಗೆ ಜಾಗ ಎಲ್ಲಿ?"

"ನಮಗೂ ಇಲ್ಲಬೇ," ಎಂದಿತು ಬುಟ್ಟಿಯೊಳಗಿಂದ ಒಂದು ಸಣ್ಣ ದನಿ.

ಸಂಕವ್ವ ಬುಟ್ಟಿಯತ್ತ ಬಾಗಿದಳು. ಬುಟ್ಟಿಯ ಅಂಚಿನಲ್ಲಿ ಇಬ್ಬನಿಯ ಹನಿಯೊಂದು ತೂಗುತ್ತಿತ್ತು. ಅದರ ಮೂಲಕ ಇಣುಕಿದರೆ ರೊಟ್ಟಿಯ ಮೇಲೆ ಒಂದು ಕಾಡೇ ಕಂಡಿತು. ಎಲ್ಲೆಲ್ಲೂ ಸಣ್ಣ ದಾರಗಳು. ದಾರದಿಂದ ನೆಟ್ಟಗೆ ಎದ್ದ ದಂಟು, ದಂಟಿನ ತುದಿಗೆ ಗುಂಡು ತಲೆ, ತಲೆಯ ಸುತ್ತ ಪೋಣಿಸಿದ ಮಣಿಸರ. ಕೆಲವರ ಮಣಿ ಹಸಿರು, ಕೆಲವರದು ಕಪ್ಪು. ಉಸಿರು ತಾಗಿದರೆ ಸಾಕು, ಮಣಿ ಹಾರಿ ಬಿದ್ದಲ್ಲಿ ಮತ್ತೊಂದು ದಾರ ಮೊಳೆಯುತ್ತಿತ್ತು.

"ನಾವು ಬೂಷ್ಟು," ಎಂದಿತು ದನಿ. "ಎಲಿ ಇಲ್ಲಂತ ಗಿಡಗೋಳು ನೂಕಿದ್ವು, ಬಾಯಿ ಇಲ್ಲಂತ ಪ್ರಾಣಿಗೋಳು ನೂಕಿದ್ವು. ಯಾರೂ ಇಳಿಯಾಕ ಬಿಡಲಿಲ್ಲ, ಗಾಳ್ಯಾಗ ಅಲೀತಿದ್ವಿ. ನಿನ್ನ ಬುಟ್ಯಾಗ ಬೆಚ್ಚಗ, ಹಸಿ ಹಸಿ ಇತ್ತು, ಇಳದ್ವಿ. ನಮ್ಮನ್ನೂ ಕರಕೊಂಡು ಹೋಗಬೇ."

ಬೇರೆ ದಾರಿಯಿರಲಿಲ್ಲ. ನಾಚಿಕೆಯಿಂದ ತಲೆ ತಗ್ಗಿಸಿ ಬುಟ್ಟಿ ಹೊತ್ತು ನಡೆದಳು.

ಭೂಮಿತಾಯಿ ಬುಟ್ಟಿಯ ಬಟ್ಟೆ ಸರಿಸಿದಳು. ಜಿಂಕೆ ಮೂಗು ಮುರಿಯಿತು. ಭೂಮಿತಾಯಿ ಒಂದು ರೊಟ್ಟಿ ಮುಟ್ಟಿದಳು, ಅದು ಮೆತ್ತಗೆ ಮಣ್ಣಿನಂತೆ ಉದುರಿತು.

"ಲೋಕ ಹುಟ್ಟಿದಾಗಿಂದ ಬಿದ್ದ ಎಲಿ ಬಿದ್ದಂಗ ಅದಾವ, ಸತ್ತ ಮರ ಸತ್ತಂಗ ಅದಾವ. ಇನ್ನ ಬೀಜ ಊರಾಕ ನನಗ ಗೇಣು ಮಣ್ಣು ಉಳದಿಲ್ಲ," ಎಂದಳು. "ಮಣ್ಣು ಮಾಡಾವ್ರನ್ನ ತಂದೀಯಲ್ಲ ಮಗಳ."

ಮನುಷ್ಯರಿಗೆ ಪ್ರಾಣಿಗಳ ಸಾಲಿನಲ್ಲಿ ಜಾಗ ಸಿಕ್ಕಿತು. ಬೂಷ್ಟಿಗೆ ಗಿಡಗಳ ಸಾಲೂ ಅಲ್ಲದ, ಪ್ರಾಣಿಗಳ ಸಾಲೂ ಅಲ್ಲದ ಬೇರೆಯೇ ಸಾಲು ಸಿಕ್ಕಿತು. ಮಳೆಗಾಲದ ಅಣಬೆಯೂ ಓಡಿಬಂದು ಅದರಲ್ಲೇ ನಿಂತಿತು.

"ಬಿದ್ದದ್ದೆಲ್ಲ ನಿಮ್ಮದು," ಎಂದಳು ಭೂಮಿತಾಯಿ ಬೂಷ್ಟಿಗೆ. "ಬಿಸಿ ಮುಚ್ಚಿಟ್ಟ ರೊಟ್ಟಿನೂ ನಿಮ್ಮದು. ಆರಿಸಿಟ್ಟ ರೊಟ್ಟಿ ಸಂಕವ್ವಂದು."

ಸಂಕವ್ವನಿಗೆ ಹೋದ ಜೀವ ಬಂದಂತಾಯಿತು. ಆಮೇಲೆ ಏನೋ ಹೊಳೆಯಿತು.

"ಯವ್ವಾ, ಬಿದ್ದದ್ದೆಲ್ಲ ಅಂದ್ರ, ನಾ ಬಿದ್ದರೂ ಏನು?"

"ನೀ ಬಿದ್ದರೂ," ಎಂದಳು ಭೂಮಿತಾಯಿ, ಅವಳ ತಲೆ ಸವರುತ್ತ. "ಇಲ್ಲಾಂದ್ರ ನಿನ್ನ ಮಕ್ಕಳ ಜೋಳಕ್ಕ ಮಣ್ಣು ಎಲ್ಲಿಂದ ತರಲಿ?"

ಸಂಕವ್ವ ಮನೆಗೆ ಬಂದು ಹೊಸದಾಗಿ ಹಿಟ್ಟು ನಾದಿದಳು. ಈ ಸಲ ರೊಟ್ಟಿಗಳನ್ನು ಒಣ ಬಟ್ಟೆಯ ಮೇಲೆ ಒಂದೊಂದಾಗಿ ಹರವಿದಳು. ಕೊನೆಯ ಒಂದನ್ನು ಮಾತ್ರ ಬಿಸಿ ಇದ್ದಾಗಲೇ ಬೇರೆ ಮುಚ್ಚಿಟ್ಟಳು.

ಅದಕ್ಕೇ ಇಂದಿಗೂ ನಿನ್ನ ಅಜ್ಜಿ ರೊಟ್ಟಿ ಹರವಿ, ಕಡಕ್ಕಾದ ಮೇಲೆಯೇ ಬುಟ್ಟಿಗೆ ಹಾಕುತ್ತಾಳೆ, ಮತ್ತು ಅವಳು ಮರೆತು ಬಿಸಿ ಮುಚ್ಚಿಟ್ಟ ರೊಟ್ಟಿಯ ಮೇಲೆ ಮೂರನೆಯ ದಿನ ಹಸಿರು, ಕಪ್ಪು ಮಣಿಸರ ತೊಟ್ಟವರು ತಮ್ಮ ಪಾಲಿಗೆ ಬಂದು ಕೂತಿರುತ್ತಾರೆ.