ಮೂರು ಸುತ್ತಿನ ಕೆಂಪು ವಸ್ತ್ರ

ತುಂಗಭದ್ರೆಯ ದಂಡೆಯ ಆ ಪುಟ್ಟ ಆಶ್ರಮದಲ್ಲಿ ಅವತ್ತು ಶಿಷ್ಯ ಮರುಳಸಿದ್ದನ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ.

ನಿಲ್ಲುವುದಾದರೂ ಹೇಗೆ? ಮದುವೆಯಾಗಿ ಒಂಬತ್ತು ವರ್ಷದ ಮೇಲೆ ಅವನ ಅಕ್ಕ ಹಾಲಮ್ಮನಿಗೆ ಹೆಣ್ಣುಮಗು ಹುಟ್ಟಿತ್ತು. ಬೆಳಿಗ್ಗೆ ಹನ್ನೊಂದಕ್ಕೆ ಅವಳ ಊರಲ್ಲಿ ತೊಟ್ಟಿಲ ಶಾಸ್ತ್ರ. ಅಷ್ಟು ದೂರ ಹೋಗಲಾರದ ಗುರುಗಳು ವಿಡಿಯೊ ಕಾಲ್‌ನಲ್ಲೇ ಕೂಸಿನ ಕಿವಿಗೆ ಹೆಸರು ಹೇಳಲು ಒಪ್ಪಿದ್ದರು.

ಇಡೀ ಆಶ್ರಮಕ್ಕೆ ಇದ್ದದ್ದು ಒಂದೇ ಫೋನು, ಮರುಳಸಿದ್ದನದು.

"ಬುದ್ಧಿ, ನೂರಕ್ಕೆ ನೂರು ಚಾರ್ಜ್ ಮಾಡಿಬಿಡ್ತೀನಿ! ಮಾತು ಮಧ್ಯದಲ್ಲಿ ನಿಲ್ಲಬಾರದು!"

"ಮಾಡಪ್ಪ," ಎಂದರು ಗುರುಗಳು.

ಆಶ್ರಮದಲ್ಲಿ ಒಂದು ರೂಢಿಯಿತ್ತು. ವಚನದ ಕಟ್ಟಾಗಲಿ, ಹಳೆಯ ಓಲೆಗರಿಯಾಗಲಿ, ಪೂಜ್ಯವಾದದ್ದನ್ನು ಕೆಂಪು ವಸ್ತ್ರದಲ್ಲಿ ಮೂರು ಸುತ್ತು ಸುತ್ತಿಯೇ ಇಡಬೇಕು. ಗುರುವಿನ ಮಾತು ಹೊತ್ತು ಹೋಗುವ ಫೋನು ಇವತ್ತು ಗ್ರಂಥಕ್ಕಿಂತ ಕಡಿಮೆಯೇ? ಮರುಳಸಿದ್ದ ವೈರು ಸಿಕ್ಕಿಸಿದ, ಮೂರು ಸುತ್ತು ವಸ್ತ್ರ ಸುತ್ತಿದ, ಹಾಸಿಗೆಯ ಮೇಲೆ ಮಲಗಿಸಿ ಕೈಯನ್ನೂ ಮುಗಿದ!

ಹತ್ತೂವರೆಗೆ ಬಿಚ್ಚಿ ನೋಡಿದರೆ ಫೋನು ಕಾದ ಹಂಚಾಗಿತ್ತು. ಪರದೆಯ ಮೇಲೆ ಒಂದೇ ಸಾಲು: ಬಿಸಿ ಹೆಚ್ಚಾಗಿದೆ, ತಣಿಯುವ ತನಕ ಬಳಸಲಾಗದು.

"ಅಯ್ಯೋ ಶಿವನೇ, ಕೆಟ್ಟೆ!"

ಅವನು ಓಡಿಹೋಗಿ ಹೊಳೆನೀರಿನ ಕೊಡ ಎತ್ತಿಕೊಂಡು ಬಂದ, ಫೋನನ್ನು ಅದರಲ್ಲಿ ಅದ್ದಲು.

"ನಿಲ್ಲೋ ಮಾರಾಯ!"

ಗುರುಗಳು ಎದ್ದು ಬಂದರು. ಸ್ವಿಚ್ ಆರಿಸಿದರು. ವೈರು ತೆಗೆದರು. ರಬ್ಬರ್ ಕವರನ್ನೂ ಬಿಚ್ಚಿದರು. ನೆರಳಲ್ಲಿದ್ದ ಕಲ್ಲುಹಾಸಿನ ಮೇಲೆ ಫೋನನ್ನು ಬರಿಮೈಯಲ್ಲಿ ಇಟ್ಟು ಪಕ್ಕದಲ್ಲೇ ಕೂತರು.

"ಈಗೇನು ಮಾಡಲಿ, ಬುದ್ಧಿ?"

"ಸುಮ್ಮನೆ ಕೂತ್ಕೋ."

ಸುಮ್ಮನೆ ಕೂರುವುದಂತೆ! ಒಂಬತ್ತು ವರ್ಷ ಕಾದ ಅಕ್ಕ ಈಗ ತೊಟ್ಟಿಲ ಮುಂದೆಯೂ ಕಾಯಬೇಕೇ? ಅವನು ಗಡಿಯಾರ ನೋಡಿದ, ಫೋನು ನೋಡಿದ, ಮತ್ತೆ ಗಡಿಯಾರ ನೋಡಿದ.

ಹನ್ನೊಂದಕ್ಕೆ ಎರಡು ನಿಮಿಷ ಇರುವಾಗ ಪರದೆ ಬೆಳಗಿತು.

"ಬಂತು! ಬುದ್ಧಿ, ಜೀವ ಬಂತು!" ಮರುಕ್ಷಣವೇ ಅವನ ಮುಖ ಇಳಿಯಿತು. "ಆದರೆ ಐವತ್ತೇ ಇದೆಯಲ್ಲ, ನೂರಾಗಲಿಲ್ಲ."

"ಒಂದು ಹೆಸರಿಗೆ ಎಷ್ಟು ಬೇಕೋ?"

ಕರೆ ಹೋಯಿತು. ಅತ್ತ ಸೋಬಾನೆ, ಗದ್ದಲ, ಅಳುತ್ತಲೇ ನಗುವ ಹಾಲಮ್ಮ. ಅವಳು ಫೋನನ್ನು ಕೂಸಿನ ಕಿವಿಯ ಹತ್ತಿರ ಹಿಡಿದಳು.

"ನೀಲಾಂಬಿಕೆ," ಎಂದರು ಗುರುಗಳು, ಮೂರು ಸಲ.

ಮರುಳಸಿದ್ದ ಇದ್ದಲ್ಲೇ ಕುಣಿದುಬಿಟ್ಟ. ಹಾಲಮ್ಮ ಫೋನು ತಿರುಗಿಸಿ ಮಗಳನ್ನು ತೋರಿಸಿದಳು. ತಲೆಗೆ ಕುಲಾವಿ, ಮೈಗೆ ಹತ್ತಿಬಟ್ಟೆ, ಅದರ ಮೇಲೊಂದು ಶಾಲು. ನೀಲಾಂಬಿಕೆ ಬೆಚ್ಚಗೆ ನಿದ್ದೆ ಹೋಗಿದ್ದಳು.

ಮರುಳಸಿದ್ದನಿಗೆ ಒಳಗೊಳಗೇ ಕೊರೆಯುತ್ತಿತ್ತು. ಮೆಲ್ಲಗೆ ಕೇಳಿಯೇಬಿಟ್ಟ.

"ಬುದ್ಧಿ, ನಾನು ಭಕ್ತಿಯಿಂದಲೇ ಸುತ್ತಿದ್ದೆನಲ್ಲ. ಅದೂ ತಪ್ಪೇ?"

ಗುರುಗಳು ಪರದೆಯಲ್ಲಿದ್ದ ಕೂಸಿನ ಕಡೆ ಬೆರಳು ತೋರಿಸಿದರು.

"ನಿಮ್ಮಕ್ಕನೂ ಪ್ರೀತಿಯಿಂದಲೇ ಸುತ್ತಿದ್ದಾಳೆ ಕಣೋ. ಆದರೆ ಉಸಿರಾಡೋಕೆ ಮೂಗು ಬಿಟ್ಟಿದ್ದಾಳೆ, ನೋಡು."