ಮಂಗಟ್ಟೆ ಕೊಟ್ಟ ಮಾತು

ತಾರೆಮರ ಸಾರಿತು: "ಬೇಸಿಗೆಗೆ ಮುಂಚೆಯೇ ಕೇಳಿದವರಿಗೆ ನನ್ನ ಪೊಟರೆ ಮೊದಲು. ಆದರೆ ಪಡೆದವರು ಬೇರೆ ಮರಕ್ಕೆ ಹೋಗುವಂತಿಲ್ಲ."

ಗಿಳಿ ಕೂಡಲೇ ಮಾತು ಕೊಟ್ಟಿತು. ಹಾರಿಹೋಗಿ ಹೊನ್ನೆಮರಕ್ಕೂ ಅದೇ ಮಾತು ಕೊಟ್ಟಿತು. ಮೊಟ್ಟೆಯಿಡುವ ಕಾಲ ಹತ್ತಿರವಾಗಿದ್ದ ಹೆಣ್ಣು ಮಂಗಟ್ಟೆ ಹಕ್ಕಿಗೂ ಆ ಪೊಟರೆಯ ಮೇಲೆಯೇ ಮನಸ್ಸು. ಆದರೂ ಅವಳು ಕೇಳಿದಳು: "ತಾತ, ಮರಿಗಳಿಗೆ ಜಾಗ ಸಾಲದಿದ್ದರೆ ನನ್ನನ್ನು ಕೊಟ್ಟ ಮಾತಿನಿಂದ ಬಿಡುವಿರಾ?"

"ಬಿಡುವೆ. ಹೀಗೆ ಕೇಳಿದವಳು ನೀನೊಬ್ಬಳೇ."

ಅವಳು ಒಳಹೊಕ್ಕು ಮೈ ತಿರುಗಿಸಿ ನೋಡಿದಳು. ಜಾಗ ಸಾಕಿತ್ತು. ಒಪ್ಪಿಕೊಂಡು, ತಾನು ಮೊದಲು ವಿಚಾರಿಸಿದ್ದ ಮರಗಳಿಗೆಲ್ಲ ಹೋಗಿ "ನನಗಾಗಿ ಕಾಯಬೇಡಿ" ಎಂದು ತಲೆಬಾಗಿ ಬಂದಳು.

ಅಷ್ಟರಲ್ಲಿ ಗಿಳಿಯ ಎರಡು ನಾಲಿಗೆಯ ಸುದ್ದಿಯನ್ನು ಗಾಳಿ ಮುಟ್ಟಿಸಿತ್ತು. ಎರಡೂ ಮರಗಳು ಗಿಳಿಯನ್ನು ಒಲ್ಲೆವು ಎಂದವು; ತಾರೆಮರದ ಪೊಟರೆ ಮಂಗಟ್ಟೆಯ ಪಾಲಾಯಿತು. ಅವಳು ತನ್ನ ಕುಲದ ರೂಢಿಯಂತೆ ಒಳಗಿನಿಂದಲೇ ಪೊಟರೆಯ ಬಾಗಿಲಿಗೆ ಮಣ್ಣು ಮೆತ್ತಿ ನೆಮ್ಮದಿಯಾಗಿ ಕುಳಿತಾಗ ತಾರೆಮರ ಹೇಳಿತು: "ಬೇಗ ಬಂದವರು ಬಹಳ, ಮಗಳೇ. ಕೇಳಿ ತಿಳಿದು ಬಂದವಳಿಗೆ ಬಾಗಿಲು ಮುಚ್ಚಿಕೊಳ್ಳಲೂ ಭಯವಿಲ್ಲ."