ತೊಳೆಯದೆ ಬಂದ ಕಾಲು

ರಾಯಪ್ಪನಪಾಳ್ಯದ ದೇವಾಲಯದ ಹಿಂದಿನ ಒಂದೇ ಕೋಣೆಯಲ್ಲಿ ಪೂಜ್ಯ ಲಾಜರ್ ಸ್ವಾಮಿಗಳು ಹತ್ತೊಂಬತ್ತು ವರ್ಷ ವಾಸವಾಗಿದ್ದರು. ಒಂದು ಚಾಪೆ, ಎರಡು ನಿಲುವಂಗಿ, ಒಂದು ಮೊರ. ಅಷ್ಟೇ ಅವರ ಆಸ್ತಿ. ತಮ್ಮ ಹುರುಳಿಕಾಳನ್ನು ತಾವೇ ಆರಿಸಿ, ತಾವೇ ಬೇಯಿಸಿಕೊಳ್ಳುತ್ತಿದ್ದರು. ಮಾತಿನಲ್ಲಿ ಮಾತ್ರ ಮಹಾ ಜಿಪುಣರು. ಆ ಮಹಾತ್ಮರ ಬಾಯಿಂದ ದಿನಕ್ಕೆ ಹತ್ತು ಮಾತು ಬಂದರೆ ಹಬ್ಬವೆಂದೇ ಊರವರು ನಗುತ್ತಿದ್ದರು.

ಪವಿತ್ರ ಗುರುವಾರದ ಸಂಜೆ, ಪ್ರಭು ಯೇಸು ಶಿಷ್ಯರ ಪಾದ ತೊಳೆದದ್ದರ ನೆನಪಿಗೆ, ಸ್ವಾಮಿಗಳು ಹನ್ನೆರಡು ಜನರ ಕಾಲು ತೊಳೆದು ಮುತ್ತಿಡುವರಷ್ಟೆ. ಆ ಹನ್ನೆರಡು ಜನರನ್ನು ಆರಿಸುವುದು, ತೊಳೆಯುವಾಗ ಚೊಂಬಿನಿಂದ ನೀರು ಹುಯ್ಯುವುದು ದೇವಾಲಯದ ಹಿರಿಯ ಇನ್ನಾಸಪ್ಪನ ಹಕ್ಕು. ಆತ ಬುಧವಾರವೇ ಹನ್ನೆರಡು ಜನರನ್ನೂ ಸಾಲಾಗಿ ನಿಲ್ಲಿಸಿ ಕಾಲು ಪರೀಕ್ಷೆ ಮಾಡುತ್ತಿದ್ದ. “ಏನಯ್ಯಾ ಇದು, ಹಿಮ್ಮಡಿಯೋ ಎಮ್ಮೆ ಚರ್ಮವೋ? ಇಟ್ಟಿಗೆ ಚೂರು ತಗೊಂಡು ತಿಕ್ಕು ಹೋಗು. ಸ್ವಾಮಿಗಳು ಮುತ್ತಿಡೋ ಕಾಲಿದು!” ಗುರುವಾರ ಎಲ್ಲರೂ ಸೋಪು ಹಚ್ಚಿ ತೊಳೆದ ಕಾಲನ್ನೇ ತೊಳೆಸಿಕೊಳ್ಳಲು ಬರುತ್ತಿದ್ದರು. ಸ್ವಾಮಿಗಳಿಗೆ ಇದೆಲ್ಲ ಗೊತ್ತಿತ್ತು. ಆದರೂ ಆ ತೊಳೆದ ಕಾಲನ್ನೇ ತೊಳೆದು ಮುತ್ತಿಡುತ್ತಿದ್ದರು.

ಆ ವರ್ಷದ ಪವಿತ್ರ ವಾರದಲ್ಲೇ ಚೌರಪ್ಪ ಜೈಲಿನಿಂದ ಬಿಡುಗಡೆಯಾಗಿ ಊರಿಗೆ ಬಂದ. ಹಬ್ಬದ ಅಡುಗೆಗೆಂದು ಇಟ್ಟಿದ್ದ ದೇವಾಲಯದ ತಾಮ್ರದ ಹಂಡೆಯನ್ನು ಕದ್ದು, ಮಾರಿ, ಕುಡಿದವನು ಅವನು. ಉಗ್ರಾಣದ ಹೊಣೆ, ಬೀಗದ ಕೈ ಎರಡೂ ಇನ್ನಾಸಪ್ಪನದಾದ್ದರಿಂದ ಕಳ್ಳ ಸಿಗುವ ತನಕ ಜನ ಅವನನ್ನೇ ಓರೆಗಣ್ಣಿನಿಂದ ನೋಡಿದ್ದರು. ಆ ಅವಮಾನವನ್ನು ಇನ್ನಾಸಪ್ಪ ಮರೆತಿರಲಿಲ್ಲ. “ಅವನು ಚರ್ಚಿನ ಹೊಸಲು ತುಳಿದರೆ ನಾನು ಆಚೆಗೆ ನಡೀತೀನಿ” ಎಂದು ಊರಿಗೆಲ್ಲ ಸಾರಿದ್ದ.

ಆದರೆ ಒಳಗಿನ ಸಂಕಟವೇ ಬೇರೆ. ಹಂಡೆ ಕಳುವಾದ ದಿನ ಇನ್ನಾಸಪ್ಪ ಉಗ್ರಾಣಕ್ಕೆ ಬೀಗ ಹಾಕುವುದನ್ನೇ ಮರೆತಿದ್ದ! ಮಾನ ಹೋದೀತೆಂದು ಹೆದರಿ, ಬೀಗವನ್ನು ತಾನೇ ಕಲ್ಲಿನಿಂದ ಜಜ್ಜಿ, ಕಳ್ಳ ಮುರಿದನೆಂದು ಪೊಲೀಸರಿಗೆ ಹೇಳಿದ್ದ. ಬೀಗ ಮುರಿದ ತಪ್ಪಿಗೆ ಚೌರಪ್ಪನಿಗೆ ಶಿಕ್ಷೆ ಹೆಚ್ಚಾಯಿತು. ಕೋರ್ಟಿನಲ್ಲಿ ಅವನು ತಲೆ ತಗ್ಗಿಸಿ ನಿಂತಿದ್ದನೇ ಹೊರತು ಒಂದು ಮಾತೂ ಆಡಿರಲಿಲ್ಲ. ಈಗ ಆಡಿದರೆ? ನಾಲ್ಕು ಜನರ ಮುಂದೆ ಬಾಯಿ ಬಿಟ್ಟರೆ? ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅನ್ನುತ್ತಾರಲ್ಲ, ಇನ್ನಾಸಪ್ಪನ ಪಾಡು ಹಾಗಾಗಿತ್ತು.

ಗುರುವಾರ ಮಧ್ಯಾಹ್ನ ಹನ್ನೆರಡು ಜನರಲ್ಲಿ ಒಬ್ಬನಿಗೆ ಚೇಳು ಕುಟುಕಿತು. ಇನ್ನಾಸಪ್ಪ ಏದುಸಿರು ಬಿಡುತ್ತಾ ಓಡಿಬಂದ. ಸ್ವಾಮಿಗಳು ಮೊರದಲ್ಲಿ ಹುರುಳಿ ಆರಿಸುತ್ತಾ ಕುಳಿತಿದ್ದರು.

“ಸ್ವಾಮಿ, ಒಬ್ಬ ಕಮ್ಮಿ ಆದ!”

“ಚೌರಪ್ಪ ಬಂದಿದ್ದಾನಂತೆ” ಎಂದರು ಸ್ವಾಮಿಗಳು.

“ಅಯ್ಯೋ ಸ್ವಾಮಿ, ದೇವರ ಮನೆಗೇ ಕನ್ನ ಹಾಕಿದವನು! ಅವನು ಕೂತರೆ ಉಳಿದ ಹನ್ನೊಂದು ಜನ ಎದ್ದು ಹೋಗ್ತಾರೆ.”

ಸ್ವಾಮಿಗಳು ಒಂದು ಕಲ್ಲನ್ನು ಆರಿಸಿ ಪಕ್ಕಕ್ಕಿಟ್ಟರು. “ಸರಿ. ಯೋಗ್ಯನಾದವನನ್ನು ನೀನೇ ಹುಡುಕು. ಚೌರಪ್ಪನಿಗೆ ಬೇರೆ ಕೆಲಸ ಕೊಡ್ತೀನಿ.”

“ಏನು ಕೆಲಸ ಸ್ವಾಮಿ?”

ಸ್ವಾಮಿಗಳ ಬೆರಳು ಮತ್ತೆ ಹುರುಳಿಯಲ್ಲಿತ್ತು.

ಆ ಉರಿಬಿಸಿಲಿನಲ್ಲಿ ಇನ್ನಾಸಪ್ಪ ಸುತ್ತದ ಬೀದಿಯಿಲ್ಲ. ಅಂತೋಣಪ್ಪ ಸಿಕ್ಕ. ಅವನು ತಮ್ಮನ ಜೊತೆ ಮಾತು ಬಿಟ್ಟವನು, ಬೇಡ. ಚಿನ್ನಪ್ಪ ಹೆಂಡತಿಗೆ ಹೊಡೆಯುವವನು, ಬೇಡ. ಇನ್ನೊಬ್ಬ ಪೂಜೆಯ ಹೊತ್ತಿನಲ್ಲಿ ಗೊರಕೆ ಹೊಡೆಯುವವನು. ಒಬ್ಬೊಬ್ಬರ ಮುಖ ಕಂಡಾಗಲೂ ಒಂದೊಂದು ಪಾಪ ಇನ್ನಾಸಪ್ಪನ ನೆನಪಿಗೆ ಬರುತ್ತಿತ್ತು. ಪಾಪ, ಊರಿಗೆ ಊರೇ ಅನರ್ಹವಾಯಿತು! ದಾರಿಯಲ್ಲಿ ಚಪ್ಪಲಿಯ ಬಾರು ಕಿತ್ತುಹೋಯಿತು. ಬರಿಗಾಲಲ್ಲಿ ಕೆರೆಯಂಗಳದ ಕೆಸರು ತುಳಿದ, ಕೊಟ್ಟಿಗೆಗಳ ಸಗಣಿ ತುಳಿದ. ಏನು ಕೆಲಸ ಕೊಡುತ್ತಾರೆ ಚೌರಪ್ಪನಿಗೆ? ಎಲ್ಲಿ ನಿಲ್ಲಿಸುತ್ತಾರೆ? ಅವನು ಏನು ಹೇಳಿಬಿಡುತ್ತಾನೆ? ಅಷ್ಟರಲ್ಲಿ ಪೂಜೆಯ ಗಂಟೆ ಢಣ್ ಎಂದಿತು.

ಇನ್ನಾಸಪ್ಪ ಒಳಗೆ ಬಂದಾಗ ಪೀಠದ ಮುಂದೆ ಹನ್ನೊಂದು ಜೊತೆ ಕಾಲುಗಳು ಥಳಥಳ ಹೊಳೆಯುತ್ತಿದ್ದವು. ಹನ್ನೆರಡನೆಯ ಕುರ್ಚಿ ಖಾಲಿ. ಪಕ್ಕದಲ್ಲಿ ಇನ್ನಾಸಪ್ಪ ಪ್ರತಿವರ್ಷ ಹಿಡಿಯುತ್ತಿದ್ದ ಚೊಂಬು ಹಿಡಿದು ಚೌರಪ್ಪ ನಿಂತಿದ್ದ!

ಸ್ವಾಮಿಗಳು ಸೊಂಟಕ್ಕೆ ಟವೆಲು ಸುತ್ತಿಕೊಂಡು ಖಾಲಿ ಕುರ್ಚಿಯತ್ತ ಕೈ ತೋರಿದರು. “ಕೂತ್ಕೊ, ಇನ್ನಾಸಪ್ಪ.”

ಇನ್ನಾಸಪ್ಪ ತನ್ನ ಕಾಲು ನೋಡಿಕೊಂಡ. ಮೊಣಕಾಲಿನವರೆಗೆ ಕೆಸರು, ಬೆರಳ ಸಂದಿಯಲ್ಲಿ ಸಗಣಿ. ಹೆಂಗಸರ ಕಡೆಯಿಂದ ಯಾರೋ ಕಿಸಕ್ಕನೆ ನಕ್ಕರು. ನಾಚಿಕೆಯಿಂದ ಅವನು ಹಿಡಿಯಷ್ಟಾದ. “ಸ್ವಾಮಿ... ಗಲೀಜಾಗಿದೆ. ಒಂದು ನಿಮಿಷ, ತೊಳ್ಕೊಂಡು ಬಂದುಬಿಡ್ತೀನಿ.”

“ತೊಳ್ಕೊಂಡು ಬಂದವರಿಗೆ ನಾನ್ಯಾಕೆ?” ಎಂದರು ಸ್ವಾಮಿಗಳು.

ಇನ್ನಾಸಪ್ಪ ಕುಳಿತ. ಎಪ್ಪತ್ತು ದಾಟಿದ ಆ ವೃದ್ಧರು ಹನ್ನೊಂದು ಜನರ ಕಾಲು ತೊಳೆದು ಕೊನೆಗೆ ಅವನ ಮುಂದೆ ಮೊಣಕಾಲೂರಿದರು. ಚೌರಪ್ಪ ಚೊಂಬು ಹಿಡಿದು ಬಗ್ಗಿದ. ಅವನ ಮುಖ ಇನ್ನಾಸಪ್ಪನ ಕಿವಿಯ ಹತ್ತಿರಕ್ಕೆ ಬಂತು. ಈಗ ಹೇಳುತ್ತಾನೆ, ಈಗ ಹೇಳಿಯೇ ಬಿಡುತ್ತಾನೆ ಎಂದು ಇನ್ನಾಸಪ್ಪ ಕಣ್ಣು ಮುಚ್ಚಿದ.

“ನೀರು ತಣ್ಣಗಿದೆಯಾ ಇನ್ನಾಸಣ್ಣ?” ಎಂದ ಚೌರಪ್ಪ ಮೆಲ್ಲಗೆ. “ಬಿಸಿನೀರು ಬೆರೆಸಲಾ?”

ಅಷ್ಟೇ. ಮತ್ತೇನೂ ಇಲ್ಲ. ಅವನಿಗೆ ಎಲ್ಲವೂ ಗೊತ್ತಿತ್ತು, ಆದರೂ ಕೇಳಿದ್ದು ಇಷ್ಟೇ. ಹನ್ನೊಂದು ಜನರ ಕಾಲು ತೊಳೆದರೂ ತಿಳಿಯಾಗಿದ್ದ ಬೋಗುಣಿಯ ನೀರು ಈಗ ಕದಡಿ ಕಪ್ಪಾಯಿತು. ಸ್ವಾಮಿಗಳು ಬೆರಳ ಸಂದಿ ಸಂದಿಯನ್ನೂ ಸಾವಕಾಶವಾಗಿ ತೊಳೆದು, ಒರೆಸಿ, ಆ ಒಡೆದ ಹಿಮ್ಮಡಿಯ ಕಾಲಿಗೆ ಮುತ್ತಿಟ್ಟರು.

ಇನ್ನಾಸಪ್ಪನಿಗೆ ಇನ್ನು ತಡೆಯಲಾಗಲಿಲ್ಲ. ಎದ್ದು ನಿಂತು, ಚೌರಪ್ಪನ ಚೊಂಬು ಹಿಡಿದ ಕೈಯನ್ನು ಎರಡೂ ಕೈಯಿಂದ ಹಿಡಿದುಕೊಂಡು ಗಟ್ಟಿಯಾಗಿ ಅತ್ತುಬಿಟ್ಟ. “ಕೇಳ್ರಪ್ಪಾ ಎಲ್ಲರೂ! ಇವನು ಬೀಗ ಮುರೀಲಿಲ್ಲ. ನಾನು ಅವತ್ತು ಬೀಗ ಹಾಕೇ ಇರಲಿಲ್ಲ. ಮುರಿದವನು ನಾನು!”

ಸ್ವಾಮಿಗಳು ಕುರ್ಚಿಯ ಅಂಚು ಹಿಡಿದು ನಿಧಾನವಾಗಿ ಎದ್ದರು. “ಪೂಜೆ ಮುಂದುವರಿಸೋಣ” ಎಂದರು. ಹನ್ನೊಂದು ಜನರಲ್ಲಿ ಒಬ್ಬರೂ ಎದ್ದು ಹೋಗಲಿಲ್ಲ.

ಇನ್ನಾಸಪ್ಪ ಮರುದಿನವೇ ಬೀಗದ ಕೈ ಹಿಂದಿರುಗಿಸಿದ. ಹಿರಿತನ ಬೇಡವೆಂದ. ಸ್ವಾಮಿಗಳು ಬೀಗದ ಕೈ ತೆಗೆದುಕೊಂಡು ಚೌರಪ್ಪನಿಗೆ ಕೊಟ್ಟರು, ಹಿರಿತನವನ್ನು ಇನ್ನಾಸಪ್ಪನಿಗೇ ಬಿಟ್ಟರು.

ಮುಂದಿನ ವರ್ಷದ ಬುಧವಾರ ಹನ್ನೆರಡು ಜನ ರೂಢಿಯಂತೆ ಪರೀಕ್ಷೆಗೆ ಬಂದು ಸಾಲಾಗಿ ನಿಂತರು. ಅಂತೋಣಪ್ಪನೂ ಇದ್ದ, ಚಿನ್ನಪ್ಪನೂ ಇದ್ದ. “ಇಟ್ಟಿಗೆ ಚೂರಲ್ಲಿ ತಿಕ್ಕಬೇಕಾ ಹಿರಿಯರೇ?” ಎಂದು ಕೇಳಿದರು.

ಇನ್ನಾಸಪ್ಪ ಯಾರ ಕಾಲನ್ನೂ ನೋಡಲಿಲ್ಲ. “ಹಾಗೇ ಬನ್ರಪ್ಪಾ” ಎಂದ. “ಹೇಗಿದ್ದೀರೋ ಹಾಗೇ ಬನ್ನಿ.”